ನಳಿಗೆಗೆ ತುಂಬಿದ ಕುಂಕುಮ

ಅರವತ್ತು ಸಾವಿರದ ಕೆಲಸ ಕೈತಪ್ಪುವುದರಲ್ಲಿತ್ತು. ಯಲಹಂಕದ ನನ್ನ ಬಂದೂಕಿನ ಅಂಗಡಿಗೆ ಬಾಗಲೂರಿನ ಗೌಡರು ತಾಯಿಯ ಜೊತೆ ಬಂದು, ಲೈಸೆನ್ಸು, ರಿವಾಲ್ವರ್ ಎರಡನ್ನೂ ಮೇಜಿನ ಮೇಲಿಟ್ಟರು. ನಳಿಗೆಯೊಳಗೆಲ್ಲ ಅರಿಶಿನ, ಕುಂಕುಮ. ಅದರಡಿ ತುಕ್ಕು ತಿಂದ ಗುಳಿಗಳು. ಬದಲಾಯಿಸದೆ ವಿಧಿಯಿರಲಿಲ್ಲ.

"ಅಜ್ಜಿ, ಒಳಕ್ಕೂ ಹಾಕ್ತೀರಾ?"

"ಆಯುಧಪೂಜೆ ಕಣಪ್ಪ. ಬಾಯಿಗೆ ಹಾಕ್ದೆ ಬೆನ್ನಿಗೆ ಹಾಕಕ್ಕಾಯ್ತದಾ?"

ಗೌಡರು ರಿವಾಲ್ವರ್ ಎತ್ತಿಕೊಂಡರು. "ಹೊಸ ನಳಿಗೆಗೂ ಇವ್ರು ಇಂಗೇ ಮಾಡ್ತಾರೆ. ದುಡ್ಡು ದಂಡ, ಬಿಡಿ."

ನಾನು ತಡಮಾಡದೆ ಚರ್ಮದ ಚೀಲವೊಂದನ್ನು ಅಜ್ಜಿಯ ಮುಂದಿಟ್ಟೆ. "ದೇವರಿಗಾದ್ರೂ ಬಟ್ಟೆ ಉಡಿಸಿ ತಾನೇ ಪೂಜೆ ಮಾಡೋದು? ಇದನ್ನ ತೊಡಿಸಿ, ಮೇಲೆ ಕುಂಕುಮ ಇಡಿ."

ಅಜ್ಜಿ ತಿರುಗಿಸಿ ನೋಡಿದರು. "ಕಪ್ಪು ಬ್ಯಾಡ, ಕೆಂಪು ಕೊಡು."

ಒಟ್ಟು ಗಿಟ್ಟಿದ್ದು ಇಷ್ಟು: ನಳಿಗೆಯ ಅರವತ್ತು ಸಾವಿರ, ಕೆಂಪು ಚೀಲದ ಎರಡು ಸಾವಿರ, ಮತ್ತು ಅಜ್ಜಿ ನನ್ನನ್ನು ಹರಸುತ್ತಾ ಗಲ್ಲಾಪೆಟ್ಟಿಗೆಯ ಬೀಗದ ಬಾಯಿಗೆ ತುಂಬಿಹೋದ ಕುಂಕುಮ.