ಪೂಜೆಗೆ ಮೊದಲಿನ ಗುಳಿಗೆ

ಅವ್ವನ ಗುಳಿಗೆಗಳನ್ನು ನಾನು ಎಣಿಸತೊಡಗಿದ್ದು ಯಾವ ವರ್ಷ ಎಂದು ಖಚಿತವಾಗಿ ಹೇಳಲಾರೆ. ಎಪ್ಪತ್ತರ ದಶಕದ ಕೊನೆ ಇರಬೇಕು. ಮಳೆಗಾಲ ಎಂದು ಬರೆದು ಹೊಡೆದುಹಾಕಿದ್ದೇನೆ. ಖಾನಾಪುರವನ್ನು ನೆನೆದಾಗಲೆಲ್ಲ ನನ್ನ ತಲೆ ತಾನಾಗಿಯೇ ಮಳೆ ಸುರಿಸುತ್ತದೆ, ಅದನ್ನು ನಂಬುವಂತಿಲ್ಲ. ನಂಬಬಹುದಾದದ್ದು ಲೆಕ್ಕ ಒಂದೇ. ಆ ಭಾನುವಾರ ಸೀಸೆಯಲ್ಲಿ ಇಪ್ಪತ್ತೊಂದು ಗುಳಿಗೆ ಇರಬೇಕಿತ್ತು. ಏಳು ಇದ್ದವು.

ಅವ್ವನಿಗೆ ಕಾಚಬಿಂದು, ಅಂದರೆ ಕಣ್ಣಿನೊಳಗಿನ ಒತ್ತಡ ಏರಿ ನೋಟದ ನರ ಸಾಯುವ ರೋಗ. ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣಿನಲ್ಲಿ ಸುತ್ತಲಿನದೆಲ್ಲ ಅಳಿಸಿಹೋಗಿ ನಡುವಿನ ಒಂದು ತುಂಡು ಉಳಿದಿತ್ತು. ಬಹಳ ದಿನ ಅವಳು ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ದಿಟ್ಟಿಸುವಾಗ ಲಿಂಗವೊಂದೇ ಕಾಣುತ್ತಿತ್ತು, ಉಳಿದದ್ದೆಲ್ಲ ಮಾಯವಾಗುತ್ತಿತ್ತು. ಕೊನೆಗೂ ಮನಸ್ಸು ಒಂದು ಕಡೆ ನಿಂತಿತು ಎಂದು ಅವಳು ತಿಳಿದಿದ್ದಳು.

ಬೆಳಗಾವಿಯಲ್ಲಿ, ಕೋಟೆಯ ಆಚೆ, ಕಣ್ಣಿನ ಡಾಕ್ಟರು ಹನಿಯ ಜೊತೆಗೆ ಬಿಳಿ ಗುಳಿಗೆ ಬರೆದುಕೊಟ್ಟರು. ದಿನಕ್ಕೆ ಮೂರು, ಉಂಡ ಮೇಲೆ, ನೀರು ಹೆಚ್ಚು ಕುಡಿಯಬೇಕು, ದಿನಾ ಬಾಳೆಹಣ್ಣು ತಿನ್ನಬೇಕು. ಸಲ್ಫಾ ಗುಳಿಗೆ ತಿಂದು ಯಾವಾಗಲಾದರೂ ಮೈಮೇಲೆ ದದ್ದು ಎದ್ದಿತ್ತೇ ಎಂದು ಎರಡು ಸಲ ಕೇಳಿದರು.

"ಈ ಕಣ್ಣು ಉಳೀಬೇಕಂದ್ರ ಹೊತ್ತು ತಪ್ಪಬಾರದ್ರಿ," ಎಂದರು. "ತಪ್ಪಿದ್ರೂ ಆಮ್ಯಾಲೆ ಎರಡು ಕೂಡಿಸಿ ನುಂಗಬಾರದು."

ನಾನು ಬೆಳಗಾವಿಯಲ್ಲಿ ಶಾಲೆಯ ಶಿಕ್ಷಕಿ, ಶಿವಬಸವ ನಗರದಲ್ಲಿ ಬಾಡಿಗೆ ಕೋಣೆ. ಅವ್ವ ಖಾನಾಪುರದಲ್ಲಿ ಅಣ್ಣ, ಅತ್ತಿಗೆಯ ಜೊತೆ; ಅತ್ತಿಗೆಗೆ ನಮ್ಮ ಕಡೆ ವೈನಿ ಎನ್ನುತ್ತೇವೆ. ಪ್ರತಿ ಭಾನುವಾರ ಲೋಂಡಾ ಕಡೆಯ ರೈಲು ಹಿಡಿದು ಹೋಗಿ, ಚಪ್ಪಲಿ ಬಿಟ್ಟವಳೇ ಸೀಸೆಯನ್ನು ಸೆರಗಿನ ಮೇಲೆ ಬೋರಲು ಹಾಕಿ ಎಣಿಸುತ್ತಿದ್ದೆ. ಏಳೇ ಉಳಿದ ಆ ಭಾನುವಾರದವರೆಗೆ ಲೆಕ್ಕ ಸರಿಯಾಗಿಯೇ ಇತ್ತು. ಸರಿಯಾಗಿದ್ದುದರಿಂದಲೇ ಸಂಶಯ ಬರಬೇಕಿತ್ತು. ನಮ್ಮ ಮನೆಯಲ್ಲಿ ಯಾವುದೂ ಅಷ್ಟು ಸರಿ ಇರುತ್ತಿರಲಿಲ್ಲ.

ಮೊದಲು ಸಂಶಯ ಹೋದದ್ದು ವೈನಿಯ ಮೇಲೆ. ತಾನೂ ತಲೆನೋವಿಗೆಂದು ನುಂಗುತ್ತಿರಬಹುದು, ತವರಿಗೆ ಕಳಿಸುತ್ತಿರಬಹುದು. ಕೇಳಿಯೇಬಿಟ್ಟೆ.

ವೈನಿ ಹಿಟ್ಟಿನ ಕೈಯಲ್ಲೇ ಹೊರಬಂದರು. "ಸಾಲಿ ಹುಡುಗೂರ ಹಾಜರಿ ಸಾಲಲಿಲ್ಲೇನು, ಗುಳಿಗಿ ಹಾಜರಿನೂ ತಗೋತೀರಿ? ನನಗ ಎರಡೂ ಕಣ್ಣ ಅದಾವ್ರಿ ಬಾಯಾರ. ಅವನ್ನ ತಗೊಂಡು ಏನ್ಮಾಡ್ಲಿ, ಚಟ್ನಿ ಅರೀಲೇನು?"

ಅವ್ವ ಒಳಗೆ ಮಲಗಿದ್ದಳು. ಕಾಲಲ್ಲಿ ಕಸುವಿಲ್ಲ, ನಾಲ್ಕು ದಿನದಿಂದ ಹೊಸ್ತಿಲು ದಾಟಿಲ್ಲ ಎಂದು ವೈನಿ ಹೇಳಿದರು. ನಾನು ಅದನ್ನು ಕೇಳಿಯೂ ಕೇಳಲಿಲ್ಲ, ನನ್ನ ತಲೆಯಲ್ಲಿ ಮುಂದಿನ ಕಳ್ಳ ತಯಾರಾಗಿದ್ದ: ಸ್ಟೇಷನ್ ರಸ್ತೆಯ ಔಷಧ ಅಂಗಡಿಯ ಸಾಹೇಬರು. ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಡುವಾಗ ಕಡಿಮೆ ಕೊಟ್ಟಿರಬೇಕು.

ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಅರೇ, ಕಮ್ಮಿ ಏನ್ ಬಂತ್ರಿ? ನಿಮ್ಮ ತಾಯಿ ಹೆಚ್ಚಿಗಿ ಒಯ್ತಾರ. ವಾರಕ್ಕೊಮ್ಮಿ ಶನಿವಾರ ಬರ್ತಾರಲ್ಲ, ಗ್ವಾಡಿ ಹಿಡಕೊಂಡು. ಚೀಟಿ ಐತಿ, ಕೊಡ್ತೀನಿ. ಈ ಸಲ ಮಾತ್ರ ಬರಲೇ ಇಲ್ಲ. ತಬಿಯತ್ ಹೆಂಗೈತಿ?"

ಅರ್ಧ ಕಣ್ಣಿನ ಹೆಂಗಸು ಪ್ರತಿ ಶನಿವಾರ ಗೋಡೆ ಹಿಡಿದು ಬಂದು, ನಾನು ಭಾನುವಾರ ಎಣಿಸುವಷ್ಟನ್ನು ತುಂಬಿಸಿಡುತ್ತಿದ್ದಳು. ಈ ಶನಿವಾರ ಕಾಲು ಏಳಲಿಲ್ಲ. ಅಷ್ಟಕ್ಕೇ ಸಿಕ್ಕಿಬಿದ್ದಿದ್ದಳು.

ವಾರಕ್ಕೆ ಹದಿನಾಲ್ಕು, ದಿನಕ್ಕೆ ಎರಡು ಹೆಚ್ಚು ಎಂದು ಲೆಕ್ಕ ಹಾಕುತ್ತ ಮನೆಗೆ ಬಂದು ಅವಳ ಹಾಸಿಗೆಯ ಪಕ್ಕ ಕೂತೆ. "ದಿನಾ ಐದು ನುಂಗತಿದ್ದಿ ಏನವ್ವಾ?"

"ಮೂರು ಡಾಕ್ಟರಗ."

"ಇನ್ನೆರಡು?"

ಅವಳು ಎಡಗೈ ಬಿಚ್ಚಿದಳು. "ಪೂಜಿಗಿಂತ ಮೊದಲ ಬರೇ ಹೊಟ್ಟೀಲೆ ಎರಡು ತಗೊಂಡ್ರ, ಹೊತ್ತಾದ ಮ್ಯಾಲೆ ಅಂಗೈ ಜುಮ್ಮ ಅಂತೈತಿ. ಬೆರಳ ತುದಿ ತನಕ. ನಲವತ್ತ ವರ್ಷ ಲಿಂಗ ಹಿಡದೀನಿ, ಒಂದ ದಿನಾನೂ ಹಂಗಾಗಿರಲಿಲ್ಲ. ಈಗ ಮಾತಾಡಾಕತ್ತೈತಿ. ಕಣ್ಣ ಹೊಂಟಾವಂತ ಅವಗೂ ಗೊತ್ತಾಗಿರಬೇಕು."

ಮರುದಿನವೇ ಅವಳನ್ನು ಡಾಕ್ಟರ ಬಳಿ ಕರೆದೊಯ್ದೆ. ರಕ್ತ ಪರೀಕ್ಷೆ ಮಾಡಿಸಿದರು. ಗುಳಿಗೆ ಮೈಯ ನೀರಿನ ಜೊತೆ ಪೊಟ್ಯಾಷಿಯಂ ಎಂಬ ಲವಣವನ್ನೂ ಹೊರಹಾಕುತ್ತದೆ, ಕಾಲಿನ ಕಸುವು ಹೋದದ್ದು ಅದಕ್ಕೆ ಎಂದರು. ಹೀಗೇ ನಡೆದರೆ ಮೂತ್ರಪಿಂಡವೂ ಕೆಡಬಹುದು, ಗುಳಿಗೆಯನ್ನೇ ನಿಲ್ಲಿಸಬೇಕಾಗುತ್ತದೆ, ಆಮೇಲೆ ಈ ಕಣ್ಣಿಗೆ ದಿಕ್ಕಿಲ್ಲ. ಬೆರಳು ಜುಮುಗುಟ್ಟುವುದೂ ಗುಳಿಗೆಯದೇ ಕೆಲಸ.

"ಅದನ್ನ ನಾ ಮೊದಲ ಹೇಳಿದ್ನಲ್ರಿ," ಎಂದು ನನ್ನ ಕಡೆ ತಿರುಗಿದರು.

ಹೇಳಿದ್ದರು. ಅವ್ವ ಒಳಕೋಣೆಯಲ್ಲಿ ಹನಿ ಹಾಕಿಸಿಕೊಂಡು ಕೂತಿದ್ದಾಗ ನನಗೊಬ್ಬಳಿಗೇ ಹೇಳಿದ್ದರು. ಹೆದರುತ್ತಾಳೆಂದು ನಾನು ಅವಳಿಗೆ ಮುಟ್ಟಿಸಲಿಲ್ಲ. ಎಷ್ಟೋ ವರ್ಷ ನನ್ನ ನೆನಪಿನಲ್ಲಿ ಬೇರೆಯೇ ಚಿತ್ರವಿತ್ತು: ರೈಲಿನಲ್ಲಿ ನಾನು ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದೇನೆ, ಅವಳು ತಲೆಯಾಡಿಸುತ್ತಿದ್ದಾಳೆ. ಆ ಚಿತ್ರದಲ್ಲಿ ಕಿಟಕಿಯ ಪಕ್ಕ ಅವಳಿದ್ದಾಳೆ, ಬಿಸಿಲು ಕೂಡ ಇದೆ. ಅಷ್ಟು ಚೆನ್ನಾಗಿರುವುದಕ್ಕೇ ಅದು ಸುಳ್ಳು. ವೈನಿಯನ್ನು, ಸಾಹೇಬರನ್ನು ವಿಚಾರಣೆ ಮಾಡಿದವಳು ಮೊದಲು ನನ್ನನ್ನೇ ಕೇಳಬೇಕಿತ್ತು.

ಅವ್ವ ಡಾಕ್ಟರ ಮಾತನ್ನು ಪೂರ್ತಿ ಕೇಳಿದಳು. ವಾಪಸು ಬರುವಾಗ ಕೇಳಿದ್ದು ಒಂದೇ: "ಅಂದ್ರ, ಅದು ಗುಳಿಗಿ ಏನು?"

"ಹೂಂ."

"ಡಾಕ್ಟರು ಲಿಂಗ ಹಿಡದು ನೋಡ್ಯಾನೇನು?"

ಆದರೂ ಒಪ್ಪಂದವಾಯಿತು. ಮೊದಲು ಪೂಜೆ, ಆಮೇಲೆ ರೊಟ್ಟಿ, ಆಮೇಲೆ ಗುಳಿಗೆ. ಹೆಚ್ಚಿಗೆ ಕೊಡಬೇಡಿರೆಂದು ಸಾಹೇಬರಿಗೂ ಹೇಳಿಟ್ಟೆವು. ರಾತ್ರಿಯ ಗುಳಿಗೆಯ ಪ್ರಭಾವ ಬೆಳಗಾಗುವಷ್ಟರಲ್ಲಿ ಇಳಿದಿರುತ್ತಿತ್ತು, ಅಂಗೈ ಸುಮ್ಮನಾಯಿತು. ಅವಳ ಕಾಲಿಗೆ ಕಸುವು ಬಂತು. ಮುಂದಿನ ತಪಾಸಣೆಗಳಲ್ಲಿ ಕಣ್ಣಿನ ಒತ್ತಡ ಏರಿರಲಿಲ್ಲ. ನಡುವಿನ ತುಂಡು ಉಳಿದಿತ್ತು, ಅದರೊಳಗೆ ಲಿಂಗವೂ ಇತ್ತು. ಆದರೆ ಪೂಜೆ ಮುಗಿಸಿ ಏಳುವಾಗ ಅವಳ ಮುಖ ನೋಡಲು ನನಗೆ ಧೈರ್ಯ ಬರುತ್ತಿರಲಿಲ್ಲ.

ಆಮೇಲೆ ಸೀಸೆಯನ್ನು ಅವಳೇ ನನ್ನ ಮುಂದೆ ಸುರಿಯತೊಡಗಿದಳು. "ಎಣಸು. ನಿನಗ ನಂಬಿಗಿ ಇಲ್ಲಲ್ಲ."

ಕೆಲವು ತಿಂಗಳಾದ ಮೇಲೆ ಒಂದು ಭಾನುವಾರ ಮೂರು ಹೆಚ್ಚಿಗೆ ಬಂದವು.

"ಒಂದ ದಿನದ್ದು ಬಿಟ್ಟಿ?" ನನ್ನ ದನಿ ಏರಿತ್ತು.

"ಬಿಟ್ನಿ. ಮರುದಿನ ಕೂಡಿಸಿ ನುಂಗಿಲ್ಲ, ಅದರ ಕಾನೂನ ನನಗ ಗೊತ್ತೈತಿ. ಒಂದ ದಿನ ಅಷ್ಟ. ಇನ್ನ ಬಿಡೂದಿಲ್ಲ."

"ಯಾಕ ಬಿಟ್ಟಿ?"

"ಮೈಯಾಗ ಒಂದೂ ಗುಳಿಗಿ ಇಲ್ಲದನ ಲಿಂಗ ಮಾತಾಡ್ತೈತೇನು ನೋಡೂಣು ಅಂತ."

ನಾನು ಗುಳಿಗೆಗಳನ್ನು ಒಂದೊಂದಾಗಿ ಸೀಸೆಗೆ ಹಾಕಿದೆ. ಕೇಳಬಾರದಿತ್ತು, ಕೇಳಿದೆ. "ಮಾತಾಡಿತೇನು?"

ಅವ್ವ ಸೀಸೆಯನ್ನು ನನ್ನ ಕೈಯಿಂದ ಇಸಿದುಕೊಂಡು ಮುಚ್ಚಳ ತಿರುಗಿಸಿದಳು.

"ನೀ ಅವತ್ತ ಡಾಕ್ಟರು ಹೇಳಿದ್ದ ನನಗ ಹೇಳಿದ್ದಿ ಏನು?"