ಕುಚ್ಚಲಕ್ಕಿಯ ಒಲೆ

ಸೌದಿಯ ದಮ್ಮಾಮಿನ ಕಂಪನಿ ಕ್ಯಾಂಪಿಗೆ ನಾನು ಬಂದಾಗ ಕರಾವಳಿಯವರು ಹತ್ತೊಂಬತ್ತು ಮಂದಿ ಇದ್ದೆವು. ಈ ಜನವರಿಯಲ್ಲಿ ಉಳಿದವರು ಇಬ್ಬರು, ನಾನು ಮತ್ತು ಪುತ್ತೂರಿನ ಡ್ರೈವರ್ ಕಾಕಾ. ಹೊಸಬರೆಲ್ಲ ನೇಪಾಳಿಗಳು. ಕ್ಯಾಂಪಿನ ಅಡುಗೆಮನೆಯಲ್ಲಿ ತಲೆ ಎಣಿಸಿ, ಹೆಚ್ಚು ಮಂದಿಗೆ ಹೆಚ್ಚು ಹೊತ್ತು ಒಲೆ ಹಂಚುವ ಕ್ರಮ ಮಾಡಿದ್ದು ನಾವೇ, ಆಗ ಕಡಿಮೆಯಿದ್ದ ಮಲಯಾಳಿಗಳನ್ನು ಸರಿಸಲು.

ಕಳೆದ ಶುಕ್ರವಾರ ನೇಪಾಳಿಯೊಬ್ಬ ನಮ್ಮ ಅರೆಬೆಂದ ಕುಚ್ಚಲಕ್ಕಿಯನ್ನು ಕೆಳಗಿಳಿಸಿ ತನ್ನ ಪಾತ್ರೆ ಇಟ್ಟ.

“ಇಬ್ಬರ ಅನ್ನಕ್ಕೆ ಒಂದು ಗಂಟೆ ಒಲೆಯಾ, ಭಾಯ್? ನಾವು ಮೂವತ್ತು ಜನ ಇದ್ದೇವೆ,” ಎಂದು ಹಿಂದಿಯಲ್ಲಿ ಗದರಿದ.

ನಾನು ಅವನ ಪಾತ್ರೆಗೆ ಕೈ ಹಾಕಿದೆ.

“ಬಿಡು ಮಾರಾಯ. ಇವರ ಹಾಗೆ ಬಿಳಿ ಬೆಳ್ತಿಗೆ ಅನ್ನ ತಿಂದರೆ ಸಾಯ್ತೇವಾ ಎಂತ?” ಎಂದರು ಕಾಕಾ.

ನಾನು ಬಿಡಲಿಲ್ಲ. ಅವನದನ್ನು ನೆಲಕ್ಕಿಳಿಸಿ, ನಮ್ಮದನ್ನು ಮತ್ತೆ ಏರಿಸಿ, ಅದು ಬೇಯುವವರೆಗೆ ಒಲೆಗೆ ಅಡ್ಡ ನಿಂತೆ. ಅಷ್ಟರಲ್ಲಿ ಕಾಕಾ ನೇಪಾಳಿಗಳ ನಡುವೆ ಕೂತು ಅವರ ಬೇಳೆ, ಅನ್ನ ಉಣ್ಣುತ್ತಿದ್ದರು.