ಇಲ್ವಾ ತರಿಸಿದ ಬೀಳ್ಕೊಡುಗೆ ಕೇಕು

ನಾರ್ಶಪಿಂಗ್ ಊರಿನಲ್ಲಿ ಟ್ರಾಮಿನ ಟಿಕೆಟ್ ಯಂತ್ರ ಮಾಡುವ ಕಂಪನಿಯೊಂದರಲ್ಲಿ ಇಲ್ವಾ ಅಂತ ಒಬ್ಬ ಹೆಂಗಸು. ಹೊಸ ಯಂತ್ರ ಎಷ್ಟು ಗಟ್ಟಿ ಎಂದು ಅದನ್ನು ಕೆಡಿಸಿ ನೋಡುವುದೇ ಅವಳ ಕೆಲಸ. ಉತ್ತರದ ಹಿಮಸೀಮೆಯವಳಾದ್ದರಿಂದ ಅಲ್ಲಿಯವರ ಹಾಗೆ ‘ಹೂಂ’ ಅನ್ನುವ ಬದಲು ತುಟಿ ಚೂಪು ಮಾಡಿ ಸುಯ್ ಎಂದು ಉಸಿರೆಳೆದುಕೊಳ್ಳುತ್ತಿದ್ದಳು. ಯಾವ ಪ್ರಾಜೆಕ್ಟಿಗೆ ಕರೆದರೂ ಸುಯ್. ಹಾಗಾಗಿ ಎಲ್ಲರೂ ಅವಳನ್ನೇ ಕರೆಯುತ್ತಿದ್ದರು.

ಪ್ರಾಜೆಕ್ಟೆಂದರೆ ಇನ್ನೇನು, ನಾಲ್ಕು ಮೂಲೆಯಿಂದ ಜನರನ್ನು ಹೆಕ್ಕಿ ತಂದು ಒಂದು ಕೋಣೆಗೆ ತುಂಬುವುದು. ಯಾರ ಕಾಫಿಗೆ ಹಾಲು ಬೇಕು, ಯಾರನ್ನು ಬೆಳಿಗ್ಗೆ ಮಾತಾಡಿಸಬಾರದು ಎಂದು ತಿಳಿಯುವಷ್ಟರಲ್ಲಿ ಯಂತ್ರ ಸಿದ್ಧ. ಬೀಳ್ಕೊಡುಗೆಗೆಂದು ಹಸಿರು ಹೊದಿಕೆಯ ಕೇಕು ಬರುತ್ತದೆ, ತಿಂದು ಚದುರುತ್ತಾರೆ. ಆಮೇಲೆ ಯಂತ್ರ ಚಳಿಗೆ ಸೆಟೆದು ನಿಂತರೆ ಅದನ್ನು ಹೆತ್ತವರು ಯಾರೆಂದು ಯಾರಿಗೂ ಗೊತ್ತಿಲ್ಲ. ನಾಳೆ ಯಾವ ಕೋಣೆಯೋ ಎಂದು ಇಲ್ವಾ ಒಳಗೆ ಹಾಕಿಕೊಳ್ಳುವ ಉಣ್ಣೆಯ ಚಪ್ಪಲಿಯನ್ನೂ ಆಫೀಸಿನಲ್ಲಿ ಬಿಡುತ್ತಿರಲಿಲ್ಲ. ದಿನಾ ಸಂಜೆ ಚೀಲಕ್ಕೆ ಹಾಕಿ ಮನೆಗೆ.

ಹೊಸದಾಗಿ ಬಂದ ಮುಖ್ಯಸ್ಥ ಟೋರ್ಕೆಲ್ ಒಂದು ದಿನ, “ಇನ್ಮೇಲೆ ತಂಡ ಒಡೆಯಲ್ಲ. ಜನ ಕೆಲಸದ ಹಿಂದೆ ಅಲೆಯೋದು ಬೇಡ, ಕೆಲಸಾನೇ ಜನರ ಹತ್ರ ಬರ್ಲಿ” ಅಂದ. ಇಲ್ವಾ ಸುಯ್ ಎಂದಳು. ನಂಬಲಿಲ್ಲ, ಚಪ್ಪಲಿ ಚೀಲದಲ್ಲೇ ಓಡಾಡಿತು. ಆದರೆ ತನಗೆ ಸಿಕ್ಕ ತಂಡದ ಮೇಲೆ ಅವಳಿಗೆ ಒಳಗೊಳಗೇ ಆಸೆ ಬೆಳೆಯಿತು. ಯಂತ್ರ ಬಿಚ್ಚುವ ಮುದುಕ ಸಿಕ್ಸ್ಟೆನ್ ದಿನಾ ಗೊಣಗಬೇಕು, ಪ್ರೋಗ್ರಾಮ್ ಬರೆಯುವ ನಸ್ರೀನ್ ದಿನಾ ಅವನನ್ನು ಕೆಣಕಬೇಕು, ಅವರಿಬ್ಬರ ನಡುವೆ ಕೂತು ತಾನು ನಗಬೇಕು.

ಹೊಸ ಯಂತ್ರಗಳು ನಿಲ್ದಾಣಗಳಿಗೆ ಹೋದ ದಿನ ಅವಳ ಕೈ ತಾನಾಗಿಯೇ ಬೇಕರಿಗೆ ಫೋನು ಮಾಡಿತು. ಮಧ್ಯಾಹ್ನದ ಕಾಫಿಗೆ ಸರಿಯಾಗಿ ಕೇಕು ಬಂತು. ಮೇಲೆ ‘ಧನ್ಯವಾದ, ಹೋಗಿ ಬನ್ನಿ’ ಎಂದು ಬರೆದಿತ್ತು.

“ಯಾರು ಹೋಗ್ತಿರೋದು?” ಅಂದ ಸಿಕ್ಸ್ಟೆನ್.

“ನೀನೇ ಇರ್ಬೇಕು. ಇಲ್ವಾ ಪಾಪ ಬಾಯಲ್ಲಿ ಹೇಳೋಕಾಗದೆ ಕ್ರೀಮಲ್ಲಿ ಬರೆಸಿದಾಳೆ” ಅಂದಳು ನಸ್ರೀನ್.

ಇಲ್ವಾಳ ಕಿವಿ ಕೆಂಪಾಯಿತು. “ಅಭ್ಯಾಸಬಲ ಕಣ್ರೇ” ಎನ್ನುವಷ್ಟರಲ್ಲಿ ಟೋರ್ಕೆಲ್ ಒಳಗೆ ಬಂದ. ಕೇಕು ನೋಡಿದ, ಮುಖ ಸಣ್ಣಗಾಯಿತು.

“ಓ, ನಿಮಗಾಗ್ಲೇ ಗೊತ್ತಾಗಿದ್ಯಾ? ಪಾರ್ಕಿಂಗ್ ಯಂತ್ರದ ಅರ್ಜೆಂಟ್ ಪ್ರಾಜೆಕ್ಟ್ ಬಂದಿದೆ. ಇಲ್ವಾನ ಅಲ್ಲಿಗೆ ಕಳಿಸ್ಬೇಕು, ಸ್ವಲ್ಪ ದಿನಕ್ಕೆ ಅಷ್ಟೇ...”

ಎಲ್ಲರೂ ಆ ಸುಯ್‌ಗೆ ಕಾಯುತ್ತಿದ್ದರು. ಇಲ್ವಾಳ ತುಟಿ ಚೂಪಾಗಿಯೂ ಬಿಟ್ಟಿತು. ಅದನ್ನು ಹಾಗೇ ಮುಚ್ಚಿಕೊಂಡು ಚಾಕು ಎತ್ತಿ ಕೇಕು ಕೊಯ್ದಳು.

“ನಾನು ಹೋಗಲ್ಲ, ಟೋರ್ಕೆಲ್. ಆ ಪಾರ್ಕಿಂಗ್ ಯಂತ್ರಾನೇ ಇಲ್ಲಿಗೆ ಬರ್ಲಿ. ನೀನೇ ಹೇಳಿದ್ದಲ್ವಾ?”

“ಹೇಳಿದ್ದೆ. ಆದ್ರೆ ಇದು ತಾತ್ಕಾಲಿಕ.”

“ನಾನು ಇಷ್ಟು ವರ್ಷ ತಾತ್ಕಾಲಿಕವಾಗೇ ಇದ್ದೆ.”

ಎಲ್ಲರನ್ನೂ ಕೇಳಿಯೇ ತೀರ್ಮಾನಿಸುವ ಊರ ಪದ್ಧತಿಯಂತೆ ಟೋರ್ಕೆಲ್ ಮೇಜಿನ ಸುತ್ತ ಒಬ್ಬೊಬ್ಬರ ಅಭಿಪ್ರಾಯ ಕೇಳಿದ.

“ಇವಳು ಹೋದ್ರೆ ಬರೋಳಿಗೆ ನನ್ನ ಗೊಣಗಾಟ ಮೊದಲಿಂದ ಕಲಿಸ್ಬೇಕು. ನನಗೆ ವಯಸ್ಸಾಯ್ತು” ಅಂದ ಸಿಕ್ಸ್ಟೆನ್.

“ಯಂತ್ರ ಬರ್ಲಿ, ಜಾಗ ಇದೆ. ಸಿಕ್ಸ್ಟೆನ್‌ನ ಸ್ವಲ್ಪ ಒತ್ತರಿಸಿದ್ರಾಯ್ತು” ಅಂದಳು ನಸ್ರೀನ್.

ಟೋರ್ಕೆಲ್ ಚಮಚ ಪಕ್ಕಕ್ಕಿಟ್ಟ. ತಟ್ಟೆ ಮುಂದೆ ಮಾಡಿ, “ಸರಿ, ಯಂತ್ರಾನೇ ಬರ್ಲಿ. ಆ ‘ಹೋಗಿ ಬನ್ನಿ’ ತುಂಡು ಇತ್ಲಾಗೆ ಹಾಕು. ನಾನೇ ತಿಂದು ಮುಗಿಸ್ತೀನಿ” ಅಂದ.

ಸಂಜೆ ಟ್ರಾಮಿಗೆ ಕಾಯುವಾಗ ಇಲ್ವಾಳಿಗೆ ಚೀಲ ಹಗುರವೆನಿಸಿತು. ಚಪ್ಪಲಿ ಮೇಜಿನಡಿಯೇ ಉಳಿದಿತ್ತು. ಹಿಂದಿರುಗಿ ತರಲೇ ಎಂದು ಅರೆಗಳಿಗೆ ನಿಂತಳು. ಅಷ್ಟರಲ್ಲಿ ಟ್ರಾಮು ಬಂತು, ಹತ್ತಿಬಿಟ್ಟಳು.